ನೆರಳು ಬರೆಯುವವರು ಊರಲ್ಲೇ ಇದ್ದಾರೆ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಅಮೂರ್ತ ಕಲೆಯ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ನನಗೆ ಇಷ್ಟವಾದ ಒಂದು ಗುಂಪೇ ಅದರಲ್ಲಿ ಬಿಟ್ಟುಹೋಗಿದೆ.

1970ರ ದಶಕದ ಅಮೆರಿಕದಲ್ಲಿ ಜೇಮ್ಸ್ ಹಾವರ್ಡ್, ಜ್ಯಾಕ್ ಲೆಂಬೆಕ್, ಜಾರ್ಜ್ ಗ್ರೀನ್ ಮೊದಲಾದ ಚಿತ್ರಕಾರರು ಒಂದು ತಮಾಷೆ ಮಾಡಿದರು. ಮರವಲ್ಲ, ಮುಖವಲ್ಲ, ಸುಮ್ನೆ ಒಂದು ಗೀಟು, ಒಂದು ಬಣ್ಣದ ಪಟ್ಟಿ. ಅದಕ್ಕೆ ನೆರಳು ಕೊಟ್ಟು, ಕ್ಯಾನ್ವಾಸಿನಿಂದ ಎದ್ದು ಬಂದಂತೆ ಕಾಣಿಸಿದರು. ಇಂಥ ಚಿತ್ರಗಳಿಗೆ ‘ಆಬ್‌ಸ್ಟ್ರ್ಯಾಕ್ಟ್ ಇಲ್ಯೂಷನಿಸಂ’ ಅಂತಾರೆ, ಅಂದರೆ ಅಮೂರ್ತ ಚಿತ್ರದಲ್ಲೇ ಕಣ್ಣಿಗೆ ಭ್ರಮೆ ಹುಟ್ಟಿಸುವುದು. ಈ ಹೆಸರನ್ನು ವಿಮರ್ಶಕಿ ಬಾರ್ಬರಾ ರೋಸ್ 1967ರಲ್ಲೇ ಬಳಸಿದ್ದರು. ಚಿತ್ರ ಚಪ್ಪಟೆಯಾಗಿಯೇ ಕಾಣಬೇಕು ಎಂದು ಕ್ಲೆಮೆಂಟ್ ಗ್ರೀನ್‌ಬರ್ಗ್ ಅಂಥ ದೊಡ್ಡ ವಿಮರ್ಶಕರು ವಾದಿಸುತ್ತಿದ್ದ ಕಾಲ ಅದಕ್ಕೆ ಸ್ವಲ್ಪ ಹಿಂದಿನದು. ಧೈರ್ಯ ನೋಡಿ!

ನಾನು ದಾವಣಗೆರೆಯಲ್ಲಿ ಅಂಗಡಿ ಬೋರ್ಡ್ ಬರೆಯುತ್ತಿದ್ದವನು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಮ್ಮಿಯಾಯಿತು. ಈಗ ಸಂಜೆ ಹೊತ್ತು ಪ್ಲೈವುಡ್ ಮೇಲೆ ಇಂಥ ಚಿತ್ರ ಮಾಡುತ್ತೇನೆ. ಮೊದಲು ಬೂದು ಬಣ್ಣ ಬಳಿದು ಒಣಗಿಸುತ್ತೇನೆ. ಮೇಲೆ ಅಕ್ರಿಲಿಕ್ಕಿನಲ್ಲಿ ಒಂದೇ ಎಳೆತಕ್ಕೆ ದಪ್ಪ ಗೀಟು. ಆಮೇಲೆ ಏರ್‌ಬ್ರಶ್ಶಿನಿಂದ, ಅಂದರೆ ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಾಧನದಿಂದ, ನೆರಳು. ನೆರಳು ಗೀಟಿಗೆ ತಾಗಿದ್ದರೆ ಗೀಟು ಹಲಗೆ ಮೇಲೆ ಕೂತಂತೆ ಕಾಣುತ್ತದೆ. ಎರಡು ಬೆರಳು ದೂರ ಸರಿಸಿ, ಅಂಚು ಮಸುಕು ಮಾಡಿದರೆ ಗಾಳಿಯಲ್ಲಿ ತೇಲುತ್ತದೆ. ನೆರಳಿಗೆ ಬರೀ ಕಪ್ಪು ಹಾಕಬಾರದು, ತೂತು ಬಿದ್ದಂತೆ ಕಾಣುತ್ತದೆ. ಹಿನ್ನೆಲೆಯ ಬೂದು ಬಣ್ಣವನ್ನೇ ಗಾಢ ಮಾಡಿಕೊಂಡು, ಒಂದು ಚೂರು ನೀಲಿ ಬೆರೆಸಬೇಕು.

ಇದನ್ನೆಲ್ಲ ನನಗೆ ಕಲಿಸಿದ್ದು ಅಮೆರಿಕದವರಲ್ಲ, ನಮ್ಮ ಅಕ್ಷರ. ‘ಲಕ್ಷ್ಮೀ’ ಅಂತ ಬೋರ್ಡ್ ಬರೆದು ಶೇಡ್ ಕೊಟ್ಟು ನೋಡಿ. ಕೆಳಗೆ ಎರಡು ಒತ್ತು, ಪಕ್ಕದಲ್ಲಿ ದೀರ್ಘ. ಮೇಲಿನ ಅಕ್ಷರದ ನೆರಳು ಒತ್ತಿನ ಮೇಲೆ ಬೀಳಬೇಕಾ, ಹಿಂದಿನ ತಗಡಿನ ಮೇಲಾ? ಒತ್ತು ಮುಂದಿದೆಯಾ, ಹಿಂದಿದೆಯಾ? ಒಂದು ಕಡೆ ತಪ್ಪಿದರೂ ಇಡೀ ಹೆಸರು ಕಲಸಿಹೋಗುತ್ತದೆ. ಬೆಳಕು ಎಡಗಡೆ ಮೇಲಿಂದ ಅಂತ ಒಮ್ಮೆ ಗೊತ್ತುಮಾಡಿಕೊಂಡರೆ ಕೊನೆಯ ಚುಕ್ಕಿಯವರೆಗೂ ಅಲ್ಲಿಂದಲೇ ಬರಬೇಕು. ಹಾವರ್ಡ್ ಅವರ ಚಿತ್ರಗಳ ಫೋಟೊ ನೋಡಿದಾಗ ನನಗೆ ಮೊದಲು ಕಂಡಿದ್ದೂ ಈ ಲೆಕ್ಕಾಚಾರವೇ.

ಬೇಜಾರಿನ ಸಂಗತಿ ಬೇರೆ ಇದೆ. ಒಂದು ಪ್ರದರ್ಶನದಲ್ಲಿ ಚಿತ್ರ ಇಟ್ಟಿದ್ದೆ. ಬಂದವರಲ್ಲಿ ಜಾಸ್ತಿ ಜನ ಕೇಳಿದ್ದು, ‘ಇದು ಕಂಪ್ಯೂಟರ್ ಪ್ರಿಂಟಾ?’ ಅಂತ. ಕಲಾ ಶಾಲೆಯ ಹುಡುಗನೊಬ್ಬ ಮಾತ್ರ ನೆರಳಿನ ಹತ್ತಿರ ಬಗ್ಗಿ, ಹೇಗೆ ಮಾಡಿದ್ರಿ ಅಂದ. ಅವರ ತರಗತಿಯಲ್ಲಿ ನೆರಳು ಅಂದರೆ ಮಡಕೆ, ಬಟ್ಟೆ, ಸೇಬು ಇಟ್ಟು ಪೆನ್ಸಿಲ್ ತೀಡುವುದಷ್ಟೇ ಅಂತೆ. ಕಣ್ಣೆದುರು ಇಲ್ಲದ ವಸ್ತುವಿಗೆ ನೆರಳು ಬರೆಯುವುದನ್ನು ಯಾರೂ ಹೇಳಿಕೊಟ್ಟಿಲ್ಲ.

ಆ ಕೆಲಸ ಬಲ್ಲ ಬೋರ್ಡ್ ಪೇಂಟರ್‌ಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಕೆಲವರು ಈಗ ಮನೆಗಳಿಗೆ ಸುಣ್ಣಬಣ್ಣ ಹೊಡೆಯುತ್ತಿದ್ದಾರೆ. ಕಲಾ ಶಾಲೆಗಳು ವರ್ಷಕ್ಕೆ ಒಂದು ವಾರ ಅವರನ್ನು ಕರೆಸಿ ಪಾಠ ಮಾಡಿಸಲಿ. ಶಾಲು, ಹಾರ ಬೇಡ. ಬಸ್ ಚಾರ್ಜು, ದಿನದ ಕೂಲಿ ಕೊಡಲಿ.

– ಒಬ್ಬ ಬೋರ್ಡ್ ಪೇಂಟರ್, ದಾವಣಗೆರೆ