ನಾಲೆ ಏರಿಯಲ್ಲಿ ಸೈಕಲ್‌ಗೂ ದಾರಿಯಿರಲಿ

ಮಾನ್ಯರೇ,

ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲಿನ ಮಣ್ಣಿನ ದಾರಿಗಳು, ಮಣ್ಣು-ಜಲ್ಲಿ ಹಾದಿಗೆಂದೇ ಮಾಡಿದ ಅಗಲ ಟೈರಿನ ಗ್ರಾವೆಲ್ ಸೈಕಲ್‌ಗೆ ಹೇಳಿ ಮಾಡಿಸಿದಂತಿವೆ. ನಾಲೆ ನಿಧಾನವಾಗಿ ಇಳಿಯುವುದರಿಂದ ದಾರಿಯಲ್ಲೂ ಕಡಿದಾದ ಏರಿಲ್ಲ. ಆದರೆ ತಡೆಗೋಡೆಯದೇ ಚಿಂತೆ. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಬಸ್ಸು ನಾಲೆಗೆ ಉರುಳಿ 30 ಜನ ಸತ್ತರು. ಗೋಡೆ ಕಟ್ಟುವಾಗ ಸೈಕಲ್ಲನ್ನೂ ಲೆಕ್ಕಕ್ಕೆ ಹಿಡಿಯಬೇಕು: ಮೊಣಕಾಲೆತ್ತರದ ಗೋಡೆಗೆ ಚಕ್ರ ತಾಗಿದರೆ ಸವಾರ ಅದರಾಚೆ ನೀರಿಗೇ ಬೀಳಬಹುದು. ತಿರುವುಗಳಲ್ಲಾದರೂ 1.4 ಮೀಟರ್ ಎತ್ತರದ ಕಂಬಿ ಬೇಕು. ಟಿಪ್ಪರ್‌ಗಳನ್ನು ತಡೆಯಲು ಗೇಟ್ ಹಾಕಿ, ಪಕ್ಕದಲ್ಲಿ ಒಂದು ಮೀಟರ್ ಸಂದು ಬಿಟ್ಟರೆ ಸಾಕು. ರೈತರ ಗಾಡಿಗಳಿಗಾಗಿ ಬೀಗದ ಕೈ ನಾಲೆ ನೀರು ಬಿಡುವ ನೀರುಗಂಟಿಯ ಬಳಿ ಇರಲಿ. ಗುಂಡಿಗೆ ದಪ್ಪ ಜಲ್ಲಿ ಸುರಿಯುವುದು ಬೇಡವೇ ಬೇಡ, ಚಕ್ರ ಜಾರುತ್ತದೆ. ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಹಾಕಿ, ನೀರು ಚಿಮುಕಿಸಿ, ರೋಲರ್ ಹೊಡೆಸಬೇಕು.

ಸವಾರರಿಗೂ ಒಂದು ಮಾತು. 40 ಮಿ.ಮೀ. ಟ್ಯೂಬ್‌ಲೆಸ್ ಟೈರಿಗೆ, 70 ಕೆ.ಜಿ. ತೂಕದವರಾದರೆ ಮುಂದೆ 30, ಹಿಂದೆ 33 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಗಾಳಿ ಸಾಕು. ನೆಗ್ಗಿಲು ಮುಳ್ಳು ಚುಚ್ಚಿದರೆ ತಕ್ಷಣ ಕೀಳಬೇಡಿ. ಚಕ್ರ ತಿರುಗಿಸಿ, ಟೈರಿನೊಳಗಿನ ಸೀಲೆಂಟ್ (ತೂತು ಮುಚ್ಚುವ ದ್ರವ) ತೂತಿನತ್ತ ಬಂದ ಮೇಲೆ ಕಿತ್ತರೆ ಬೇಗ ಮುಚ್ಚಿಕೊಳ್ಳುತ್ತದೆ.

— ಸೈಕಲ್ ಸವಾರರು, ಮಂಡ್ಯ