ನಕ್ಷೆಯ ಚುಕ್ಕಿ ನಂಬಿ ಒಬ್ಬರ ಪೆಟ್ಟಿಗೆ ತೆರೆಸಿದ್ದಕ್ಕೆ ಉತ್ತರ ಕೊಡಿ

ಗ್ರಾಹಕ ದೂರು ವಿಭಾಗದ ಮುಖ್ಯಸ್ಥರಿಗೆ,

ವಿಷಯ: ನಿಮ್ಮ ಫೋನ್ ಸುರಕ್ಷಾ ಪ್ಯಾಕ್‌ನ ‘ಕಳೆದ ಫೋನ್ ಹುಡುಕಾಟ’ ಸೇವೆಯಲ್ಲಿ ಆದ ತಪ್ಪು, ಅದರಿಂದ ಒಬ್ಬ ಹೆಂಗಸಿಗೆ ಆದ ಅವಮಾನ.

ಮಾನ್ಯರೇ,

ಇದು ನನ್ನ ಏಳನೇ ದೂರು. ಮೊದಲ ಆರು ಸಲ ಫೋನಿನಲ್ಲೇ ಹೇಳಿದೆ, ಮರ್ಯಾದೆಯಿಂದಲೇ ಹೇಳಿದೆ. ಆರು ಸಲವೂ ಬೇರೆ ಬೇರೆಯವರು ಎತ್ತಿದರು, ಮೊದಲಿನಿಂದ ಕತೆ ಕೇಳಿದರು, ನಲವತ್ತೆಂಟು ಗಂಟೆಯಲ್ಲಿ ವಾಪಸ್ ಕರೆ ಮಾಡುತ್ತೇವೆ ಎಂದರು. ಒಬ್ಬರೂ ಮಾಡಲಿಲ್ಲ. ಅದಕ್ಕೇ ಈಗ ಸ್ಪೀಡ್ ಪೋಸ್ಟ್‌ನಲ್ಲಿ ಬರೆಯುತ್ತಿದ್ದೇನೆ. ಪ್ಯಾಕ್‌ನ ರಸೀದಿ, ಫೋನಿನ ಬಿಲ್, ನಿಮ್ಮವರು ವಾಟ್ಸಾಪ್‌ನಲ್ಲಿ ಕಳಿಸಿದ ಚಿತ್ರದ ಪ್ರಿಂಟ್ ಜೊತೆಗಿವೆ.

ನಮ್ಮದು ಸಿದ್ದಾಪುರದ ಹತ್ತಿರ ಐದು ಎಕರೆ ರೋಬಸ್ಟಾ ಕಾಫಿ ತೋಟ. ಕಳೆದ ಅಕ್ಟೋಬರ್‌ನಲ್ಲಿ ಮಡಿಕೇರಿಯಲ್ಲಿ ಫೋನ್ ಕೊಂಡಾಗ ಅಂಗಡಿಯವರು ನಿಮ್ಮ ಪ್ಯಾಕ್ ತೋರಿಸಿದರು. 1,799 ರೂಪಾಯಿ, ಒಂದು ವರ್ಷಕ್ಕೆ. ಕಾರ್ಡಿನ ಮುಂದೆ ದಪ್ಪ ಅಕ್ಷರದಲ್ಲಿ ‘ಎಲ್ಲೇ ಕಳೆದರೂ ಹುಡುಕಿ ಕೊಡುತ್ತೇವೆ’ ಎಂದಿದೆ. ನಾನು ನಂಬಿ ಕೊಂಡೆ. ಕುಯ್ಲಿನ ಸಮಯದಲ್ಲಿ ಯಾರು ಎಷ್ಟು ಕೆ.ಜಿ. ಹಣ್ಣು ಕೊಯ್ದರು ಅನ್ನೋ ಲೆಕ್ಕವೆಲ್ಲ ನನ್ನ ಫೋನಿನಲ್ಲೇ ಇರುತ್ತದೆ. ಅದು ಕಳೆದರೆ ವಾರದ ಬಟವಾಡೆಯೇ ನಿಂತುಹೋಗುತ್ತದೆ.

ಫೆಬ್ರವರಿ ಎರಡನೇ ವಾರ ಅದೇ ಆಯಿತು. ಸಂಜೆ ನಾಲ್ಕೂವರೆಗೆ ತೂಕ ಮುಗಿಸಿ ಚೀಲಗಳನ್ನು ಕಣದ ಅಂಚಿಗೆ ಎಳೆದು ಹಾಕಿದೆವು. ಐದು ಗಂಟೆಗೆ ಸ್ವೆಟರ್ ಜೇಬು ಮುಟ್ಟಿ ನೋಡಿದರೆ ಫೋನ್ ಇಲ್ಲ. ಪಕ್ಕದ ತೋಟದವರ ಫೋನಿನಿಂದ ಕರೆ ಮಾಡಿದೆ. ರಿಂಗ್ ಆಗುತ್ತಿತ್ತು, ಆದರೆ ಶಬ್ದ ಕೇಳಿಸಲಿಲ್ಲ. ಬೆಳಿಗ್ಗೆ ಒಂದು ಸಾವಿನ ಮನೆಗೆ ಹೋಗಿದ್ದೆ, ಸೈಲೆಂಟ್‌ಗೆ ಹಾಕಿದ್ದು ಹಾಗೇ ಉಳಿದಿತ್ತು. 5.20ಕ್ಕೆ ನಿಮ್ಮ ಸಹಾಯವಾಣಿಗೆ ಕರೆ ಮಾಡಿ ಇಷ್ಟನ್ನೂ ಹೇಳಿದೆ. ರಿಂಗ್ ಆಗ್ತಿದೆ, ಸೈಲೆಂಟ್‌ನಲ್ಲಿದೆ, ಇಲ್ಲೇ ಎಲ್ಲೋ ಬಿದ್ದಿರಬೇಕು ಅಂತ.

ಆ ಹೊತ್ತಿನಲ್ಲಿ ಏನು ಮಾಡಬೇಕಿತ್ತು ಎಂದು ಈಗ ನನಗೂ ಗೊತ್ತು. ಆಂಡ್ರಾಯ್ಡ್ ಫೋನಿನ ಹುಡುಕಾಟದಲ್ಲಿ ‘ಶಬ್ದ ಮಾಡು’ ಅಂತ ಒಂದು ಬಟನ್ ಇದೆ. ಒತ್ತಿದರೆ ಸೈಲೆಂಟ್‌ನಲ್ಲಿದ್ದರೂ ಐದು ನಿಮಿಷ ಪೂರ್ತಿ ಜೋರಾಗಿ ಬಡಿದುಕೊಳ್ಳುತ್ತದೆ. ಅದಕ್ಕೆ ಬೇಕಾದ್ದು ಇಷ್ಟೇ: ಫೋನ್ ಆನ್ ಇರಬೇಕು, ಇಂಟರ್‌ನೆಟ್ ಇರಬೇಕು. ಎರಡೂ ಇತ್ತು. ನಿಮ್ಮವರು ಆ ಬಟನ್ ಒತ್ತಲಿಲ್ಲ, ಒತ್ತಿ ಎಂದು ನನಗೂ ಹೇಳಲಿಲ್ಲ. “ಮೊದಲು ಸಿಮ್ ಬ್ಲಾಕ್ ಮಾಡಿಸಿ ಮೇಡಂ, ಬ್ಯಾಂಕಿನ ದುಡ್ಡು ಹೋಗುತ್ತೆ” ಎಂದರು. ಹೆದರಿ ಹತ್ತೇ ನಿಮಿಷದಲ್ಲಿ ಮಾಡಿಸಿದೆ. ತೋಟದಲ್ಲಿ ವೈಫೈ ಎಲ್ಲಿಂದ ಬರಬೇಕು? ಸಿಮ್ ಸತ್ತ ಗಳಿಗೆಯೇ ಫೋನಿನ ಇಂಟರ್‌ನೆಟ್ ಹೋಯಿತು. ಆಮೇಲೆ ಯಾರು ಏನು ಒತ್ತಿದರೂ ಅದಕ್ಕೆ ಸುದ್ದಿ ಮುಟ್ಟುವ ದಾರಿ ಇರಲಿಲ್ಲ. ಬ್ಯಾಂಕಿನ ಭಯ ಸರಿಯೇ, ಆದರೆ ಎರಡು ನಿಮಿಷ ಮೊದಲು ಶಬ್ದ ಮಾಡಿಸಬಹುದಿತ್ತು ಅಲ್ವಾ?

ಇನ್ನು 5.48ರ ಕರೆ. ಇದನ್ನು ಪೂರ್ತಿ ಬರೆಯುತ್ತೇನೆ, ನೀವೂ ಪೂರ್ತಿ ಓದಬೇಕು.

ನಿಮ್ಮ ಪ್ರತಿನಿಧಿ ಪಕ್ಕದ ತೋಟದವರ ವಾಟ್ಸಾಪ್‌ಗೆ ಒಂದು ಚಿತ್ರ ಕಳಿಸಿದರು. ನಕ್ಷೆ, ಅದರ ಮೇಲೆ ಒಂದು ಚುಕ್ಕಿ. ಚುಕ್ಕಿ ಕೂತಿದ್ದದ್ದು ರಸ್ತೆಯಾಚೆಯ ದೊಡ್ಡ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮೇಲೆ, ಕೊನೆಯ ಬಾಗಿಲಿನ ಹತ್ತಿರ. ಆ ಮನೆಯಲ್ಲಿರುವ ಹೆಂಗಸು ಹನ್ನೊಂದು ವರ್ಷದಿಂದ ಕುಯ್ಲಿಗೆ ನಮ್ಮಲ್ಲಿಗೆ ಬರುತ್ತಾಳೆ. ಆ ದಿನವೂ ಬಂದು, ನಾಲ್ಕೂವರೆಗೆ ತೂಕ ಕೊಟ್ಟು ಹೋಗಿದ್ದಳು.

ನಾನು, ನನ್ನ ಮೈದುನ, ಪಕ್ಕದ ತೋಟದವರು ಮೂವರೂ ಅಲ್ಲಿಗೆ ಹೋದೆವು. ಅವಳು ಹೊರಗೆ ಒಲೆಗೆ ಸೌದೆ ಹಾಕುತ್ತಿದ್ದಳು. ಸುತ್ತ ಏಳೆಂಟು ಜನ ಸೇರಿದರು. ನಿಮ್ಮವರ ಕರೆ ಸ್ಪೀಕರಿನಲ್ಲಿತ್ತು, ಅಲ್ಲಿ ರೇಂಜ್ ಸರಿಯಿಲ್ಲ, ಹಾಗೆ ಹಿಡಿದರೇ ಕೇಳೋದು.

ನಾನು ಕೇಳಿದೆ: “ಇಲ್ಲೇ ಇದೆ ಅಂತ ಗ್ಯಾರಂಟಿನಾ? ಇವರು ನಮಗೆ ಗೊತ್ತಿರೋರು.”

ಅವರು ಹೇಳಿದರು: “ನೂರಕ್ಕೆ ನೂರು ಮೇಡಂ. ಲೊಕೇಶನ್ ಸುಳ್ಳು ಹೇಳಲ್ಲ. ಫೋನ್ ಆ ಮನೆ ಒಳಗೇ ಇದೆ.”

“ಸಾಲಿನಲ್ಲಿ ಆರು ಮನೆ ಇವೆ. ಯಾವ ಮನೆ?”

“ನೀವು ಹೇಳ್ತಿರೋ ಅದೇ ಮನೆ ಮೇಡಂ, ಕೊನೇದು. ಗೊತ್ತಿರೋರೇ ತೆಗೆಯೋದು. ಸ್ವಲ್ಪ ಹೆದರಿಸಿ ಕೇಳಿ, ಕೊಡ್ತಾರೆ.”

ಇದು ಎಲ್ಲರಿಗೂ ಕೇಳಿಸಿತು. ಅವಳಿಗೂ ಕೇಳಿಸಿತು. ಅವಳ ಮಗ, ಒಂಬತ್ತನೇ ಕ್ಲಾಸಿನ ಹುಡುಗ, ಬಾಗಿಲಲ್ಲೇ ನಿಂತಿದ್ದ.

ಅವಳು ಜಗಳ ಮಾಡಲಿಲ್ಲ. ಕೈ ಒರೆಸಿಕೊಂಡು ಒಳಗೆ ಹೋಗಿ ತಗಡಿನ ಪೆಟ್ಟಿಗೆಯನ್ನು ಹೊರಗೆ ಎಳೆದು ತಂದಳು. ಒಂದೊಂದಾಗಿ ತೆಗೆದು ನೆಲದ ಮೇಲಿಟ್ಟಳು. ಎರಡು ಸೀರೆ. ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ರೇಷನ್ ಕಾರ್ಡು. ಮಗನ ಮಾರ್ಕ್ಸ್ ಕಾರ್ಡು. ಮುರಿದ ಒಂದು ಬಳೆ, ಒಂದು ಔಷಧಿ ಚೀಟಿ, ಗಂಟು ಹಾಕಿದ ಕರವಸ್ತ್ರ. ಆ ಗಂಟನ್ನೂ ಬಿಚ್ಚಿ ತೋರಿಸಿದಳು, ಒಳಗೆ ನಾನೇ ಹಿಂದಿನ ವಾರ ಕೊಟ್ಟ ನೋಟುಗಳಿದ್ದವು. ಆಮೇಲೆ ಅಕ್ಕಿ ಡಬ್ಬ ತಂದು ಅದರೊಳಗೆ ಮೊಣಕೈವರೆಗೂ ಕೈ ಹಾಕಿ ತಿರುವಿ ತೋರಿಸಿದಳು. “ಇನ್ನೆಲ್ಲಿ ನೋಡ್ತೀರಿ ಅಮ್ಮ, ನೋಡಿ” ಎಂದಳು. ಅವಳ ತೋಳಿಗೆ ಅಕ್ಕಿಯ ಹಿಟ್ಟು ಮೆತ್ತಿತ್ತು.

ಸಾಕು ಬಿಡು ಎಂದು ನಾನು ಹೇಳುವಾಗಲೂ ಸ್ಪೀಕರಿನಲ್ಲಿ ನಿಮ್ಮವರ ದನಿ: “ಸ್ವಿಚ್ ಆಫ್ ಮಾಡಿ ಎಲ್ಲೋ ಹೂತಿಟ್ಟಿರ್ತಾರೆ ಮೇಡಂ, ಬಿಡಬೇಡಿ.”

ಹೋಗಿ ಕೇಳಿದ್ದು ನಾನು. ಆ ಪಾಲು ನನ್ನದೇ, ಅದನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಆದರೆ ಚುಕ್ಕಿ ತೋರಿಸಿ ಮನೆಯೊಳಗೇ ಇದೆ ಎಂದವರು ನೀವು. ಆ ಮಾತಿಗೆ ನಾನು ದುಡ್ಡು ಕೊಟ್ಟಿದ್ದೆ.

ಮಾರನೆಯ ದಿನ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟೆ, ಹೊಸ ಸಿಮ್ ಮಾಡಿಸಿದೆ, ಡಬ್ಬಿಯ ಮೇಲಿದ್ದ 15 ಅಂಕಿಯ ಐಎಂಇಐ ನಂಬರ್ (ಫೋನಿನ ಗುರುತಿನ ಸಂಖ್ಯೆ) ಹಾಕಿ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನ್ ಬ್ಲಾಕ್ ಮಾಡಿಸಿದೆ. ಬೇರೆ ಸಿಮ್ ಹಾಕಿ ಯಾರಾದರೂ ಬಳಸಲು ನೋಡಿದರೆ ಅದರಲ್ಲಿ ಗೊತ್ತಾಗುತ್ತದಂತೆ. ಠಾಣೆಯಲ್ಲಿ ನಿಮ್ಮ ಚಿತ್ರ ತೋರಿಸಿದಾಗ ಅಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ: “ಇದು ಜಿಪಿಎಸ್ಸಾ, ಟವರ್ರಾ? ಟವರ್ ಲೊಕೇಶನ್ ಇಟ್ಕೊಂಡು ಯಾರ ಮನೆ ಬಾಗಿಲಿಗೂ ಹೋಗಬೇಡಿ.” ಹಿಂದಿನ ಸಂಜೆಯೇ ಹೋಗಿ ಬಂದಿದ್ದೆವು.

ಅಕ್ಕನ ಮಗ ಲ್ಯಾಪ್‌ಟಾಪಿನಲ್ಲಿ ನನ್ನ ಖಾತೆ ತೆರೆದು ಅದೇ ನಕ್ಷೆ ತೋರಿಸಿದ. ಚುಕ್ಕಿಯ ಸುತ್ತ ತೆಳು ಬಣ್ಣದ ದೊಡ್ಡ ವೃತ್ತ ಇತ್ತು. ಫೋನ್ ಈ ವೃತ್ತದೊಳಗೆ ಎಲ್ಲಾದರೂ ಇರಬಹುದು ಎಂದು ಅದರ ಅರ್ಥ, ನಟ್ಟನಡುವೆ ಇದೆ ಎಂದಲ್ಲ. ಆ ವೃತ್ತದಲ್ಲಿ ನಮ್ಮ ಕಣ, ನಮ್ಮ ತೋಟದ ಮುಕ್ಕಾಲು ಪಾಲು, ಪಕ್ಕದ ತೋಟ, ರಸ್ತೆ, ಲೈನ್ ಮನೆಗಳು ಎಲ್ಲವೂ ಇದ್ದವು. ಮೇಲೆ ಕೊನೆಯ ಸಲ ಕಂಡದ್ದು 4.52ಕ್ಕೆ ಎಂದೂ ಬರೆದಿತ್ತು. ನೀವು ಕಳಿಸಿದ ಚಿತ್ರದಲ್ಲಿ ವೃತ್ತವೂ ಇಲ್ಲ, ಸಮಯವೂ ಇಲ್ಲ. ಎರಡನ್ನೂ ಕತ್ತರಿಸಿ ಕಳಿಸಿದ್ದೀರಿ. ಒಂದು ಗಂಟೆ ಹಳೆಯ ಅಂದಾಜನ್ನು “ಈಗ ಒಳಗೇ ಇದೆ” ಎಂದು ಹೇಳಿದ್ದೀರಿ.

ಫೋನ್ ಹುಡುಕುವುದು ನಿಮ್ಮ ಕಸುಬು, ಇದು ನಿಮಗೆ ಗೊತ್ತಿಲ್ಲ ಎಂದು ನಾನು ಒಪ್ಪುವುದಿಲ್ಲ. ಬಯಲಲ್ಲಿ ಆಕಾಶ ಚೆನ್ನಾಗಿ ಕಂಡರೆ ಜಿಪಿಎಸ್ ಸುಮಾರು 5 ಮೀಟರಿನಷ್ಟು ಹತ್ತಿರಕ್ಕೆ ತೋರಿಸುತ್ತದೆ. ನಮ್ಮಲ್ಲಿ ಕಾಫಿ ಗಿಡದ ಮೇಲೆ ಸಿಲ್ವರ್ ಓಕ್, ಅದರ ಮೇಲೆ ಹಳೆಯ ಕಾಡುಮರ. ಉಪಗ್ರಹದ ಸಿಗ್ನಲ್ ಮೊದಲೇ ಬಡಕಲು, ಎಲೆಯ ಕೆಳಗೆ ಬರುವಷ್ಟರಲ್ಲಿ ಇನ್ನೂ ಸೋತಿರುತ್ತದೆ. ಪಟ್ಟಣದಲ್ಲಾದರೆ ಅಕ್ಕಪಕ್ಕದ ವೈಫೈಗಳನ್ನು ನೋಡಿ ಫೋನ್ ತನ್ನ ಜಾಗ ಹೇಳುತ್ತದೆ. ಇಲ್ಲಿ ಅದೂ ಇಲ್ಲ. ಉಳಿದದ್ದು ಟವರ್. ಹಳ್ಳಿ ಕಡೆ ಒಂದೊಂದು ಟವರ್ ಕಿಲೋಮೀಟರ್‌ಗಟ್ಟಲೆ ಜಾಗ ನೋಡಿಕೊಳ್ಳುತ್ತದೆ, ಅದರ ಅಂದಾಜೂ ಅಷ್ಟೇ ಅಗಲ.

ಫೋನ್ ಆಫ್‌ಲೈನ್ ಆದರೂ ಹತ್ತಿರ ಹೋಗುವ ಬೇರೆ ಫೋನ್‌ಗಳು ಅದನ್ನು ಪತ್ತೆ ಮಾಡುತ್ತವೆ ಎಂದು ನಿಮ್ಮ ಇನ್ನೊಬ್ಬ ಪ್ರತಿನಿಧಿ ನನಗೆ ಧೈರ್ಯ ಹೇಳಿದ್ದರು. ಆಂಡ್ರಾಯ್ಡ್‌ನಲ್ಲಿ ಆ ವ್ಯವಸ್ಥೆ ಸುಮ್ನೆ ಹಾಗೇ ಬಿಟ್ಟರೆ ಜನ ಜಾಸ್ತಿ ಓಡಾಡುವ ಜಾಗದಲ್ಲಿ ಮಾತ್ರ ಕೆಲಸ ಮಾಡುತ್ತದೆ, ಹಲವು ಫೋನ್‌ಗಳು ಕಂಡರಷ್ಟೇ ಜಾಗ ಹೇಳುತ್ತದೆ. ಬಸ್ ಸ್ಟ್ಯಾಂಡಿಗೆ ಸರಿ. ಕುಯ್ಲು ಮುಗಿದ ಕಾಫಿ ತೋಟದ ಒಳಗೆ ಹತ್ತು ದಿನಕ್ಕೆ ಯಾರು ಹೋಗುತ್ತಾರೆ? ಆನೆ ಹೋಗುತ್ತದೆ. ನಮ್ಮಂಥ ಜಾಗಕ್ಕೆ ಇದು ಒಗ್ಗುವುದಿಲ್ಲ ಎಂದು ಮಾರುವಾಗಲೇ ಹೇಳಬೇಕಿತ್ತು.

ಫೋನ್ ಮಾರ್ಚ್‌ನಲ್ಲಿ ಸಿಕ್ಕಿತು. ಹೂವಿಗೆ ನೀರು ಹಾಯಿಸಲು ಸ್ಪ್ರಿಂಕ್ಲರ್ ಪೈಪ್ ಎಳೆಯುತ್ತಿದ್ದ ಹುಡುಗರಿಗೆ ತರಗೆಲೆಯ ಕೆಳಗೆ ಕಂಡಿತು. ನಾನೇ ಅಳೆದೆ, ಕಣದ ಅಂಚಿನಿಂದ ಮೂವತ್ತೇಳು ಹೆಜ್ಜೆ. ಚೀಲ ಎಳೆಯುವಾಗ ಜೇಬಿನಿಂದ ಜಾರಿರಬೇಕು. ಆ ಸಂಜೆ ಐದು ನಿಮಿಷ ಶಬ್ದ ಮಾಡಿದ್ದರೆ ಕಣದಲ್ಲಿ ನಿಂತೇ ಕೇಳಿಸುತ್ತಿತ್ತು.

ಆ ಹೆಂಗಸಿನ ಮನೆಗೆ ಹೋದೆ, ತಪ್ಪಾಯಿತು ಎಂದೆ. ಅವಳು ಕೂರಲು ಮಣೆ ಕೊಟ್ಟಳು, ಕಾಪಿ ಕೊಟ್ಟಳು, ಮಾತಾಡಲಿಲ್ಲ. ಈಗ ಬೆಳಿಗ್ಗೆ ಬೇರೆ ತೋಟದ ಜೀಪು ಹತ್ತುತ್ತಾಳೆ. ಮಗನನ್ನು ಶಾಲೆಯಲ್ಲಿ ಯಾರೋ ‘ಫೋನ್’ ಎಂದು ಕರೆದರಂತೆ. ಇದನ್ನು ನನಗೆ ಹೇಳಿದ್ದು ಅವಳಲ್ಲ, ಅಂಗಡಿಯವರು.

ನನಗೆ ಬೇಕಾದ್ದು ಮೂರು. ಅವಳ ಹೆಸರಿಗೆ, ಕನ್ನಡದಲ್ಲಿ, ನಿಮ್ಮ ಕಂಪನಿಯ ಲೆಟರ್‌ಹೆಡ್‌ನಲ್ಲಿ ಕ್ಷಮೆ ಪತ್ರ. ಅದನ್ನು ಲೈನ್ ಮನೆಯ ಮುಂದೆ, ಅಂದು ಸೇರಿದ ಜನರ ಎದುರೇ, ನಿಮ್ಮ ಅಧಿಕಾರಿ ಬಂದು ಓದಬೇಕು. ಇನ್ನು ಮೇಲೆ ನೀವು ಗ್ರಾಹಕರಿಗೆ ಕಳಿಸುವ ಪ್ರತಿ ನಕ್ಷೆಯಲ್ಲೂ ವೃತ್ತ ಮತ್ತು ಸಮಯ ಇರಬೇಕು, ಯಾವ ಪ್ರತಿನಿಧಿಯೂ ಯಾರ ಮನೆಯನ್ನೂ ಬೊಟ್ಟು ಮಾಡಬಾರದು. ನನ್ನ 1,799 ರೂಪಾಯಿ ಕೊನೆಗೆ ಕೊಡಿ, ಅದಕ್ಕೆ ಅವಸರವಿಲ್ಲ.

ಹದಿನೈದು ದಿನ ಕಾಯುತ್ತೇನೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಆಗಲೇ ಕೇಳಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ನೀವು ಬರಬೇಕಾಗುತ್ತದೆ, ನಾನು ನಿಮ್ಮೂರಿಗೆ ಬರುವುದಿಲ್ಲ. ಕಾಯ್ದೆ ಎರಡು ವರ್ಷ ಸಮಯ ಕೊಟ್ಟಿದೆ. ಅವಳು ಒಪ್ಪಿದರೆ ಅವಳೂ ನನ್ನ ಜೊತೆ ಬರುತ್ತಾಳೆ. ಒಪ್ಪದಿದ್ದರೆ ನಾನೊಬ್ಬಳೇ ಬರುತ್ತೇನೆ.

ಇನ್ನೊಂದು. ನಿಮಗೆ ಕರೆ ಮಾಡಿದಾಗಲೆಲ್ಲ ಗುಣಮಟ್ಟಕ್ಕಾಗಿ ಈ ಕರೆಯನ್ನು ರೆಕಾರ್ಡ್ ಮಾಡುತ್ತೇವೆ ಎಂದು ಮೊದಲು ಹೇಳುತ್ತೀರಿ. ಆ ದಿನ 5.48ರ ರೆಕಾರ್ಡಿಂಗ್ ಅಳಿಸಬೇಡಿ. ಅದನ್ನು ಆಯೋಗದ ಮುಂದೆ ಸ್ಪೀಕರಿನಲ್ಲಿ ಹಾಕಿಸುತ್ತೇನೆ. ಸಿಗುತ್ತಿಲ್ಲ ಎಂದರೆ, ಅಂದು ಅಲ್ಲಿ ನಿಂತು ಕೇಳಿದ ಏಳೆಂಟು ಜನರನ್ನೂ ಜೀಪಿನಲ್ಲಿ ಕರೆತರುತ್ತೇನೆ.

ಇಂತಿ,
ನಿಮ್ಮ ಪ್ಯಾಕ್ ಕೊಂಡ ಸಿದ್ದಾಪುರದ ಕಾಫಿ ಬೆಳೆಗಾರ್ತಿ