ತುಂಬೆ ಗಿಡಕ್ಕೂ ಕೈತೋಟದಲ್ಲಿ ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕೈತೋಟದ ಪುಟವನ್ನು ತಪ್ಪದೇ ಓದುತ್ತೇನೆ. ಪೆಟೂನಿಯಾ, ಜರ್ಬೆರಾ, ಡೇಲಿಯಾ ಎಲ್ಲ ಬರುತ್ತವೆ. ನಮ್ಮ ನೆಲದ್ದೇ ಆದ ತುಂಬೆ ಮಾತ್ರ ಬರುವುದಿಲ್ಲ. ಬಂದರೂ ಕೆಮ್ಮು, ನೆಗಡಿಯ ಮನೆಮದ್ದು ಅಂತ ಬರುತ್ತದೆಯೇ ಹೊರತು, ಬೆಳೆಸಬಹುದಾದ ಹೂಗಿಡ ಅಂತ ಅಲ್ಲ. ಇದು ನನಗೆ ಬೇಸರದ ವಿಷಯ.

ಬಿಸಿಲು ಬೀಳುವ ಒಂದೆರಡು ಅಡಿ ಮಣ್ಣಿದ್ದರೆ ತುಂಬೆ ಬೆಳೆಯುತ್ತದೆ. ಮಳೆ ಶುರುವಾಗಿ ಮಣ್ಣು ಹದವಾದಾಗ ಬೀಜ ಉದುರಿಸಿ, ಅಂಗೈಯಲ್ಲಿ ಮೆಲ್ಲಗೆ ಒತ್ತಿದರೆ ಸಾಕು. ಗೊಬ್ಬರ ಸುರಿಯಬೇಡಿ, ಬರೀ ಸೊಪ್ಪೇ ಜಾಸ್ತಿಯಾಗುತ್ತದೆ. ಗಿಡ ಎರಡು ಅಡಿ ದಾಟುವುದು ಅಪರೂಪ.

ಹೂವನ್ನು ಒಮ್ಮೆ ಹತ್ತಿರದಿಂದ ನೋಡಿ. ಕಾಂಡ ಚೌಕಾಕಾರ, ಅದರ ಗೆಣ್ಣು ಗೆಣ್ಣಿಗೂ ಹಸಿರು ಗುಂಡು, ಆ ಗುಂಡಿನ ಸುತ್ತ ಬಿಳಿ ಹೂಗಳು. ಪ್ರತಿ ಹೂವಿಗೂ ಮೇಲೊಂದು ಕೆಳಗೊಂದು ತುಟಿ. ಮೇಲಿನದು ಚಿಕ್ಕದು, ತುಪ್ಪುಳು ತುಪ್ಪುಳಾಗಿ ಬಾಗಿರುತ್ತದೆ. ಕೆಳಗಿನದು ಅಗಲವಾಗಿ ಚಾಚಿಕೊಂಡಿರುತ್ತದೆ, ಜೇನುನೊಣ ಬಂದು ಕೂರುವುದು ಅಲ್ಲೇ. ಮಕರಂದಕ್ಕೆ ಅದು ತಲೆ ತೂರಿಸಿದಾಗ ಮೇಲಿನ ತುಟಿಯೊಳಗಿರುವ ಪರಾಗ ಅದರ ಮೈಗೆ ಹತ್ತುತ್ತದೆ. ಚಿಟ್ಟೆಗಳೂ ಬರುತ್ತವೆ, ಇರುವೆಗಳಂತೂ ಸರಿಯೇ ಸರಿ. ಇಷ್ಟು ಪುಟ್ಟ ಹೂವಿನ ಸುತ್ತ ಇಷ್ಟೊಂದು ಓಡಾಟ ನೋಡುವುದೇ ಒಂದು ಖುಷಿ ಅಲ್ವಾ?

ಇದು ಒಂದೇ ಹಂಗಾಮಿನ ಗಿಡ. ಬೀಜ ಉದುರಿದರೆ ಮಾತ್ರ ಮುಂದಿನ ಮಳೆಗೆ ಮತ್ತೆ ಹುಟ್ಟುತ್ತದೆ. ಆದರೆ ನಾವು ಮಾಡುವುದೇನು? ಹೂ ಮುಗಿದು ಗಿಡ ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಅಂಗಳ ಚೊಕ್ಕಟ ಇರಲಿ ಅಂತ ಕಿತ್ತು ಬಿಸಾಡುತ್ತೇವೆ. ಒಂದಿಷ್ಟು ದಿನ ಹಾಗೇ ಬಿಡಿ. ಒಣಗಿದ ಗುಂಡನ್ನು ಅಂಗೈ ಮೇಲೆ ತಲೆಕೆಳಗು ಹಿಡಿದು ತಟ್ಟಿದರೆ ಸಣ್ಣ ಕಂದು ಬೀಜಗಳು ಬೀಳುತ್ತವೆ. ಅರ್ಧ ಅಲ್ಲೇ ಚೆಲ್ಲಿ, ಉಳಿದದ್ದನ್ನು ಕಾಗದದಲ್ಲಿ ಕಟ್ಟಿ ಕೇಳಿದವರಿಗೆ ಕೊಡಿ.

ರಸ್ತೆ ಬದಿಯಲ್ಲಿ ತಾನಾಗಿ ಬೆಳೆಯುತ್ತದಲ್ಲ, ಮನೆಯಲ್ಲಿ ಯಾಕೆ ಎಂದು ಕೇಳುವವರಿದ್ದಾರೆ. ಆ ರಸ್ತೆ ಬದಿಯೇ ಈಗ ಎಲ್ಲಿದೆ? ಕೆಲವು ಕಡೆ ಕಾಂಕ್ರೀಟ್, ಕೆಲವು ಕಡೆ ಕಳೆನಾಶಕ, ಉಳಿದ ಕಡೆ ಕಾಂಗ್ರೆಸ್ ಗಿಡ.

ಒಂದು ಕೋರಿಕೆ. ಮಳೆಗಾಲದ ಆರಂಭದಲ್ಲಿ ತುಂಬೆಯ ಎಳೆ ಸಸಿಯ ದೊಡ್ಡ ಫೋಟೋ ಒಂದನ್ನು ಆ ಪುಟದಲ್ಲಿ ಹಾಕಿ. ಹೂ ಬಿಟ್ಟ ತುಂಬೆಯನ್ನು ಎಲ್ಲರೂ ಗುರುತಿಸುತ್ತಾರೆ, ಎರಡೆರಡು ಎಲೆಯ ಸಸಿಯನ್ನು ಗುರುತಿಸುವವರು ಕಡಿಮೆ. ಕಳೆ ಅಂತ ಕೈಗೆ ಸಿಕ್ಕಿ ಹೋಗುವುದು ಆ ಹಂತದಲ್ಲೇ.

ಇಂತಿ,
ನಿಮ್ಮ ಓದುಗರಲ್ಲೊಬ್ಬರು